ಬೋರ್ ನೀರಿನ ಫ್ಲೋರೈಡ್: ಲೀಟರಿನ ಲೆಕ್ಕ, ದಿನದ ಲೆಕ್ಕ

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಯಾವುದಾದರೂ ಗ್ರಾಮ ಪಂಚಾಯಿತಿಯಲ್ಲಿ ಕುಡಿಯುವ ನೀರಿನ ಪರೀಕ್ಷಾ ವರದಿ ಕೇಳಿ. ಪಿಎಚ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತ), ಗಡಸುತನ, ನೈಟ್ರೇಟ್ ಸಾಲುಗಳ ನಡುವೆ ಫ್ಲೋರೈಡ್ ಎಂಬ ಸಾಲೊಂದು ಇರುತ್ತದೆ. ಅದರ ಮುಂದೆ ಲೀಟರಿಗೆ 1.4 ಮಿಲಿಗ್ರಾಂ ಎಂದಿದೆ ಅಂದುಕೊಳ್ಳೋಣ. ಪಕ್ಕದ ಕಾಲಂನಲ್ಲಿ ಮಿತಿ 1.5. ಮಿತಿಯೊಳಗೇ ಇದೆಯಲ್ಲ ಎಂದು ಹಾಳೆ ಮಡಚಿ ಫೈಲಿಗೆ ಸೇರಿಸುತ್ತಾರೆ. ಅದೇ ಹಾಳೆಯನ್ನು ಪರಿಸರ ಮತ್ತು ಆರೋಗ್ಯದ ಅಂತರರಾಷ್ಟ್ರೀಯ ವಿಜ್ಞಾನ ಸಮ್ಮೇಳನವೊಂದರಲ್ಲಿ ಪರದೆಯ ಮೇಲೆ ಹಾಕಿದರೆ ಸಭೆಯಿಂದ ಮೊದಲು ಬರುವ ಪ್ರಶ್ನೆಯೇ ಬೇರೆ. ಈ ನೀರನ್ನು ಯಾರು ಕುಡಿಯುತ್ತಾರೆ? ದಿನಕ್ಕೆ ಎಷ್ಟು ಲೀಟರ್? ಎಷ್ಟು ವರ್ಷದಿಂದ? ನಮ್ಮ ವರದಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಇಂಥ ಸಮ್ಮೇಳನಗಳಲ್ಲಿ ಮಂಡನೆಯಾಗುವ ಪ್ರಬಂಧಗಳ ಬೆನ್ನೆಲುಬು ಬಹುಮಟ್ಟಿಗೆ ಒಂದೇ. 1983ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಹಾಕಿಕೊಟ್ಟ ನಾಲ್ಕು ಹೆಜ್ಜೆ ಅದು. ವಸ್ತು ಹಾನಿ ಮಾಡಬಲ್ಲದೇ, ಎಷ್ಟು ಡೋಸಿಗೆ ಎಷ್ಟು ಹಾನಿ, ಜನರ ಮೈಗೆ ನಿಜಕ್ಕೂ ಎಷ್ಟು ಸೇರುತ್ತಿದೆ, ಇವೆಲ್ಲ ಕೂಡಿ ಯಾರಿಗೆ ಎಷ್ಟು ಅಪಾಯ. ಫ್ಲೋರೈಡ್ ವಿಷಯದಲ್ಲಿ ಮೊದಲೆರಡು ಹೆಜ್ಜೆ ಹಳೆಯವು. ಹಲ್ಲಿನ ಕಂದು ಕಲೆಗೆ ನೀರಿನ ಫ್ಲೋರೈಡೇ ಕಾರಣ ಎಂದು ಗೊತ್ತಾದದ್ದು 1931ರಲ್ಲಿ, ಅಮೆರಿಕದಲ್ಲಿ. ನಮ್ಮ ದೇಶದಲ್ಲಿ ಮೂಳೆಯ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬರುವ ಮೂಳೆಯ ಕಾಯಿಲೆ, ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ಇಂದಿಗೂ ಬಾಕಿ ಉಳಿದಿರುವುದು ಮೂರನೆಯ ಹೆಜ್ಜೆ. ಮೈಗೆ ಸೇರುವುದು ಎಷ್ಟು ಎಂಬುದು ಊರೂರಿಗೆ, ಮನೆಮನೆಗೆ ಬೇರೆ. ಅದನ್ನು ಅಲ್ಲಲ್ಲೇ ಲೆಕ್ಕ ಹಾಕಬೇಕು.

ಈಗ 1.4ಕ್ಕೇ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ರಾಸಾಯನಿಕಗಳ ಮಿತಿ ಲೆಕ್ಕ ಹಾಕುವಾಗ ಸಾಮಾನ್ಯವಾಗಿ 60 ಕೆ.ಜಿ. ತೂಕದ, ದಿನಕ್ಕೆ 2 ಲೀಟರ್ ಕುಡಿಯುವ ವಯಸ್ಕರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ಶೇಂಗಾ ಹೊಲದಲ್ಲಿ ಕಳೆ ತೆಗೆಯುವವರು ಬೇಸಿಗೆಯಲ್ಲಿ ನಾಲ್ಕೂವರೆ ಲೀಟರ್ ಕುಡಿದರೆ ಹೆಚ್ಚೇನಲ್ಲ. ಮಳೆಗಾಲ, ಚಳಿಗಾಲ ಸೇರಿಸಿ ವರ್ಷದ ಸರಾಸರಿಯನ್ನು ಮೂರೂವರೆ ಲೀಟರ್ ಎಂದು ಹಿಡಿಯೋಣ. ಮುದ್ದೆಯ ಎಸರು, ಅನ್ನ, ಸಾರು, ಚಹಾ, ಅಂಬಲಿ ಸೇರಿ ಇನ್ನೊಂದು ಲೀಟರ್ ಹೊಟ್ಟೆಗೆ ಹೋಗುತ್ತದೆ. ಹಿಟ್ಟಿನಲ್ಲಿ ಇಂಗಿದ ನೀರಿನ ಫ್ಲೋರೈಡ್ ಹಿಟ್ಟಿನ ಜೊತೆಗೇ ಒಳಗೆ ಹೋಗುತ್ತದೆ, ಆವಿಯಾಗುವುದಿಲ್ಲ. ಒಟ್ಟು 4.5 ಲೀಟರ್ × 1.4 = 6.3 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ 2002ರ ವಿಮರ್ಶೆ ಹೇಳುವ ಪ್ರಕಾರ ದಿನಕ್ಕೆ ಒಟ್ಟು 6 ಮಿಲಿಗ್ರಾಂ ದಾಟಿದಲ್ಲಿಂದ ಮೂಳೆಗೆ ಹಾನಿಯ ಸೂಚನೆಗಳು ಕಾಣುತ್ತವೆ, 14 ಮಿಲಿಗ್ರಾಂ ಹೊತ್ತಿಗೆ ಅಪಾಯ ಸ್ಪಷ್ಟ. ಹಾಳೆಯಲ್ಲಿ ಮಿತಿಯೊಳಗೆ ಇದ್ದ ನೀರು ಹೊಟ್ಟೆಯಲ್ಲಿ ಗಡಿ ದಾಟಿದೆ.

ಮಗುವಿನ ಲೆಕ್ಕ ಇನ್ನೂ ಬಿಗಿ. 15 ಕೆ.ಜಿ. ತೂಕದ ಮಗು ಊಟ ಸೇರಿ ಒಂದೂವರೆ ಲೀಟರ್ ಬಳಸಿದರೆ 2.1 ಮಿಲಿಗ್ರಾಂ ಆಯಿತು. ನೋಡುವುದಕ್ಕೆ ದೊಡ್ಡವರ ಮೂರನೇ ಒಂದು ಪಾಲು. ತೂಕಕ್ಕೆ ಭಾಗಿಸಿದರೆ ಕೆ.ಜಿ.ಗೆ 0.14 ಮಿಲಿಗ್ರಾಂ. ದೊಡ್ಡವರದು 0.105. ಅದೂ ಅಲ್ಲದೆ ದೊಡ್ಡವರ ದೇಹ ಒಳಹೊಕ್ಕ ಫ್ಲೋರೈಡಿನ ಸುಮಾರು ಅರ್ಧವನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಬೆಳೆಯುವ ಮೂಳೆ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಸಂಶೋಧನಾ ಪ್ರಬಂಧಗಳಲ್ಲಿ ‘ಹಜಾರ್ಡ್ ಕೋಶಂಟ್’ ಎಂಬ ಅಂಕಿ ಬರುತ್ತದೆ. ಮೈಗೆ ಸೇರುವ ಡೋಸನ್ನು ದಿನಕ್ಕೆ ಕೆ.ಜಿ.ಗೆ 0.06 ಮಿಲಿಗ್ರಾಂ ಎಂಬ ಉಲ್ಲೇಖ ಡೋಸಿನಿಂದ, ಅಂದರೆ ದಿನಾ ಸೇರಿದರೂ ಹಾನಿಯಾಗದು ಎಂದು ಹಿಡಿದ ಪ್ರಮಾಣದಿಂದ, ಭಾಗಿಸಿದರೆ ಸಿಗುವ ಸಂಖ್ಯೆ. ಮೇಲಿನ ಮಗುವಿಗೆ ಅದು 2.3. ಒಂದು ದಾಟಿದ ಕೂಡಲೇ ‘ಊರಿಗೇ ಕಾಯಿಲೆ’ ಎಂದು ಸುದ್ದಿ ಬರೆಯುವುದುಂಟು. ಆ 0.06 ಅನ್ನು ಗೊತ್ತುಮಾಡಿದ್ದು ಮಕ್ಕಳ ಹಲ್ಲಿನ ಕಲೆಯ ಆಧಾರದ ಮೇಲೆ. ಮಕ್ಕಳಿಗೆ ಅದು ಸರಿಯಾದ ಅಳತೆಗೋಲು. ಅದನ್ನೇ ಹಿಡಿದು ಐವತ್ತು ವರ್ಷದವರ ಬೆನ್ನುಮೂಳೆಯ ಭವಿಷ್ಯ ಹೇಳಹೊರಟರೆ ತಪ್ಪಾಗುತ್ತದೆ.

ಬಿಸಿಲಿಗೂ ಮಿತಿಗೂ ಇರುವ ನಂಟು ವಿಜ್ಞಾನಿಗಳಿಗೆ ಹೊಸದಲ್ಲ. 1957ರಲ್ಲಿ ಅಮೆರಿಕದ ಗ್ಯಾಲಗನ್ ಮತ್ತು ವರ್ಮಿಲಿಯನ್ ಇದಕ್ಕೊಂದು ಸೂತ್ರ ಕೊಟ್ಟರು. ದಿನದ ಗರಿಷ್ಠ ಉಷ್ಣಾಂಶದ ಸರಾಸರಿಯನ್ನು ಫ್ಯಾರನ್‌ಹೀಟಿನಲ್ಲಿ ತೆಗೆದುಕೊಂಡು 0.0062ರಿಂದ ಗುಣಿಸಿ, 0.038 ಕಳೆದು, ಬಂದದ್ದರಿಂದ 0.34 ಅನ್ನು ಭಾಗಿಸಬೇಕು. ನಮ್ಮ ಬಯಲುಸೀಮೆಗೆ 32 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿದರೆ, ಅಂದರೆ 89.6 ಫ್ಯಾರನ್‌ಹೀಟ್, ಹಲ್ಲಿಗೆ ತಕ್ಕ ಪ್ರಮಾಣ ಲೀಟರಿಗೆ 0.66 ಮಿಲಿಗ್ರಾಂ ಬರುತ್ತದೆ. 1.5ರ ಅರ್ಧವೂ ಇಲ್ಲ. ನಮ್ಮ ಭಾರತೀಯ ಮಾನಕ ಐಎಸ್ 10500 ಕೂಡ ಒಪ್ಪಬಹುದಾದ ಮಿತಿ ಎಂದು ಬರೆದಿರುವುದು 1.0 ಅನ್ನೇ. 1.5 ಎನ್ನುವುದು ಬೇರೆ ನೀರಿನ ಮೂಲವೇ ಇಲ್ಲದಾಗ ಸಹಿಸಿಕೊಳ್ಳುವ ಅಂಕಿ. ವರದಿಯ ಹಾಳೆಯಲ್ಲಿ ‘ಬೇರೆ ಮೂಲ ಇಲ್ಲದಿದ್ದರೆ’ ಎಂಬ ಮಾತು ಅಚ್ಚಾಗದೆ ಅಂಕಿ ಮಾತ್ರ ಉಳಿದುಬಿಡುತ್ತದೆ.

ಸಿಹಿ ನೀರೇ ಯಾಕೆ ಅನುಮಾನಕ್ಕೆ ಅರ್ಹ

ದಾವಣಗೆರೆ ನಗರ ಕುಡಿಯುವುದು ತುಂಗಭದ್ರೆಯ, ಭದ್ರಾ ನಾಲೆಯ ನೀರು. ಚಿತ್ರದುರ್ಗಕ್ಕೆ ವಾಣಿವಿಲಾಸ ಸಾಗರ, ಶಾಂತಿಸಾಗರಗಳ ಆಸರೆ ಇದೆ. ಹೊಳೆ, ಕೆರೆಯ ನೀರು ಕಲ್ಲಿನೊಡನೆ ಹೆಚ್ಚು ಹೊತ್ತು ಇರುವುದಿಲ್ಲ. ಬೋರ್ ನೀರಿನ ಕಥೆ ಬೇರೆ. ಈ ಸೀಮೆಯ ಅಡಿಯಲ್ಲಿ ಇರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಅವುಗಳಲ್ಲಿನ ಕಾಗೆಬಂಗಾರದ ಜಾತಿಯ ಬಯೊಟೈಟ್, ಅಪಟೈಟ್, ಹಾರ್ನ್‌ಬ್ಲೆಂಡ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರೈಡ್ ಕುಳಿತಿದೆ. ಆಳದ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ.

ಎಷ್ಟು ಕರಗುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಕ್ಯಾಲ್ಸಿಯಂ. ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಎರಡೂ ಹೆಚ್ಚಾದರೆ ಜೊತೆಗೂಡಿ ಫ್ಲೋರೈಟ್ ಆಗಿ ಕಲ್ಲಿಗೇ ಮರಳುತ್ತವೆ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಸುಮಾರು 3 ಮಿಲಿಗ್ರಾಂ ಫ್ಲೋರೈಡ್ ನಿಲ್ಲಬಲ್ಲದು. ಕ್ಯಾಲ್ಸಿಯಂ 10ಕ್ಕೆ ಇಳಿದರೆ ಫ್ಲೋರೈಡ್ 6ರವರೆಗೆ ಏರಲು ಜಾಗ ಸಿಗುತ್ತದೆ. ಮಳೆ ಕಡಿಮೆ ಇರುವ ಒಣನೆಲದಲ್ಲಿ ಆಗುವುದು ಇದೇ. ಮಣ್ಣಿನಲ್ಲಿ ನೀರು ಆರುತ್ತಾ ಹೋದಂತೆ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಕೆಳಗೆ ಕೂರುತ್ತದೆ. ಹೊಲ ಅಗೆಯುವಾಗ ಸಿಗುವ ಬಿಳಿ ಸುಣ್ಣಕಲ್ಲಿನ ಉಂಡೆಗಳು ಅವೇ. ಉಳಿದ ನೀರಿನಲ್ಲಿ ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿ, ಫ್ಲೋರೈಡ್ ಏರಲು ತಡೆಯೇ ಇರುವುದಿಲ್ಲ.

ಹಾಗಾಗಿ ಬೇಳೆ ಬೇಯದ, ಸೋಪು ನೊರೆ ಬಾರದ ಗಡಸು ನೀರನ್ನು ಜನ ದೂರುತ್ತಾರೆ. ನೊರೆ ಚೆನ್ನಾಗಿ ಬರುವ, ಬಾಯಿಗೆ ಹಿತವಾದ ಪಕ್ಕದ ಬೋರಿಗೆ ಕೊಡ ಹಿಡಿದು ಸಾಲು ನಿಲ್ಲುತ್ತಾರೆ. ಫ್ಲೋರೈಡ್ ಹೆಚ್ಚಿರುವುದು ಆ ಎರಡನೆಯದರಲ್ಲೇ ಇರಬಹುದು. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ.

ನಮ್ಮ ಹಿರಿಯರು ಈ ರಸಾಯನಶಾಸ್ತ್ರ ಓದಿರಲಿಲ್ಲ. ಆದರೂ ದುರ್ಗದ ಕೋಟೆಯ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡಗಳಲ್ಲಿ ತುಂಬಿಸಿದ್ದು ಬಂಡೆಯ ಮೇಲೆ ಬಿದ್ದು ಹರಿದ ಮಳೆನೀರು. ಬಂಡೆ ಅದೇ ಗ್ರಾನೈಟ್ ಆದರೂ ನೀರಿಗೆ ಅದನ್ನು ಕರಗಿಸಿಕೊಳ್ಳುವಷ್ಟು ಪುರಸೊತ್ತು ಸಿಗುವುದಿಲ್ಲ.

ಪರೀಕ್ಷೆ ಕೆಡುವುದು ಬಾಟಲಿಯಲ್ಲೇ

ಮಾದರಿ ತೆಗೆಯಲು ಪ್ಲಾಸ್ಟಿಕ್ ಬಾಟಲಿಯೇ ಬೇಕು, ಗಾಜು ಬೇಡ. ಬೋರ್ ಚಾಲೂ ಮಾಡಿ ಹತ್ತು ನಿಮಿಷ ನೀರು ಹರಿಯಬಿಡಿ, ಇಲ್ಲದಿದ್ದರೆ ಕೇಸಿಂಗ್ ಪೈಪಿನಲ್ಲಿ ನಿಂತ ನೀರಿನ ಪರೀಕ್ಷೆ ಆಗುತ್ತದೆ. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಗಲಬರಿಸಿ, ಅರ್ಧ ಲೀಟರ್ ತುಂಬಿ, ಊರು, ಬೋರಿನ ಗುರುತು, ತಾರೀಕು ಬರೆಯಿರಿ. ತೊಂಬೆಯ ನಲ್ಲಿಯಿಂದ ತೆಗೆದರೆ ಎರಡು ಬೋರಿನ ಬೆರಕೆ ನೀರಿನ ಅಂಕಿ ಸಿಗುತ್ತದೆ. ಯಾವ ಬೋರ್ ಕೆಟ್ಟದ್ದು ಎಂಬುದು ಅದರಲ್ಲಿ ಮುಚ್ಚಿಹೋಗುತ್ತದೆ. ಬೇಸಿಗೆಯ ಕೊನೆಗೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಪರೀಕ್ಷಿಸಬೇಕು. ಒಂದೇ ಬೋರಿನಲ್ಲಿ ಎರಡು ಋತುವಿಗೆ ಎರಡು ಅಂಕಿ ಬರುವುದು ಸಾಮಾನ್ಯ.

ಜಲಜೀವನ್ ಮಿಷನ್ನಿನಡಿ ಊರಿನ ಐವರು ಮಹಿಳೆಯರಿಗೆ ತರಬೇತಿ ಕೊಟ್ಟು ಕೈಗಿಡುವ ಕಿಟ್ಟಿನಲ್ಲಿ ಫ್ಲೋರೈಡಿನ ಸೀಸೆಯೂ ಇರುತ್ತದೆ. ಸಾಮಾನ್ಯವಾಗಿ ಜಿರ್ಕೋನಿಯಂ ಬಣ್ಣದ ದ್ರಾವಣ ಅದು. ಹನಿ ಹಾಕಿದಾಗ ನೀರು ಗುಲಾಬಿಯಾಗಿ ಉಳಿದರೆ ಫ್ಲೋರೈಡ್ ಕಡಿಮೆ, ಹಳದಿಯತ್ತ ತಿರುಗಿದಷ್ಟೂ ಹೆಚ್ಚು. ಫ್ಲೋರೈಡ್ ಜಿರ್ಕೋನಿಯಂ ಅನ್ನು ಬಣ್ಣದಿಂದ ಕಿತ್ತುಕೊಳ್ಳುವುದರಿಂದ ಹೀಗೆ. ಬಣ್ಣದ ಪಟ್ಟಿಯ ಜೊತೆ ಹೋಲಿಸುವಾಗ ನೆರಳಿನಲ್ಲಿ, ಬಿಳಿ ಹಾಳೆಯ ಮುಂದೆ ಹಿಡಿಯಿರಿ. ಸೀಸೆಯ ಅವಧಿ ಮುಗಿದಿದ್ದರೆ ಫಲಿತಾಂಶವನ್ನು ನಂಬಬೇಡಿ. 1 ಮತ್ತು 1.5ರ ನಡುವಿನ ಸಣ್ಣ ಅಂತರವನ್ನು ಕಣ್ಣಿನಿಂದ ಬಿಡಿಸುವುದು ಕಷ್ಟ. ಅಲ್ಲಿ ಫ್ಲೋರೈಡನ್ನು ಮಿಲಿವೋಲ್ಟ್ ಲೆಕ್ಕದಲ್ಲಿ ಅಳೆಯುವ ಪ್ರಯೋಗಾಲಯದ ಎಲೆಕ್ಟ್ರೋಡ್ ಬೇಕೇ ಬೇಕು. ಅಲ್ಲಿಯೂ ಕೇಳಬಹುದಾದ ಒಂದು ಪ್ರಶ್ನೆ ಇದೆ: ಇವತ್ತು 1 ಮತ್ತು 10 ಮಿಲಿಗ್ರಾಂ ದ್ರಾವಣಗಳಲ್ಲಿ ಸರಿನೋಡಿದ್ದೀರಾ? ಎರಡರ ನಡುವೆ ಸುಮಾರು 59 ಮಿಲಿವೋಲ್ಟ್ ಅಂತರ ಬರಬೇಕು. ಅದಕ್ಕಿಂತ ತುಂಬ ಕಡಿಮೆ ಬಂದರೆ ಎಲೆಕ್ಟ್ರೋಡ್ ಹಳತಾಗಿದೆ.

ಮೈಯಲ್ಲಿ ಕಾಣುವುದು

ಹಲ್ಲಿನ ಎನಾಮಲ್ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಕಲೆ ಬೀಳುವುದೂ ಆಗಲೇ. ತಂಬಾಕಿನ ಕಲೆಗೂ ಇದಕ್ಕೂ ವ್ಯತ್ಯಾಸ ತಿಳಿಯಲು ಮಗುವಿನ ಮುಂದಿನ ಎರಡು ಹಲ್ಲು ನೋಡಿದರೆ ಸಾಕು. ಫ್ಲೋರೈಡಿನ ಗೆರೆ ಅಡ್ಡಲಾಗಿ, ಎರಡೂ ಹಲ್ಲಿನಲ್ಲಿ ಒಂದೇ ಮಟ್ಟದಲ್ಲಿ ಇರುತ್ತದೆ. ಸೀಮೆಸುಣ್ಣದ ಬಿಳುಪಿನಿಂದ ಹಳದಿ, ಕಂದು ಬಣ್ಣಕ್ಕೆ ತಿರುಗುತ್ತದೆ. ಉಜ್ಜಿದರೆ ಹೋಗುವುದಿಲ್ಲ, ಯಾಕೆಂದರೆ ಅದು ಹಲ್ಲಿನ ಮೇಲಿಲ್ಲ, ಒಳಗಿದೆ.

ಮೂಳೆಯಲ್ಲಿ ಫ್ಲೋರೈಡ್ ಹರಳಿನೊಳಗಿನ ಹೈಡ್ರಾಕ್ಸಿಲ್ ಜಾಗವನ್ನು ಹಿಡಿಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಗಟ್ಟಿಯಾಗಿ, ಬೆಳ್ಳಗೆ ಕಾಣುತ್ತದೆ, ಆದರೆ ಪೆಡಸು. ಕೀಲಿನ ಕಟ್ಟುಗಳೂ ಸುಣ್ಣಗಟ್ಟುತ್ತವೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ವೈದ್ಯರು ಹುಡುಕುವ ಮುಖ್ಯ ಗುರುತು. ಆರೋಗ್ಯ ಕಾರ್ಯಕರ್ತರು ಮೊದಲ ಹಂತದಲ್ಲಿ ಮೂರು ಚಲನೆ ಮಾಡಿಸುತ್ತಾರೆ: ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಎರಡೂ ಕೈ ತಲೆಯ ಹಿಂದೆ ಒಯ್ಯುವುದು. ಆಗದಿದ್ದರೆ ಫ್ಲೋರೋಸಿಸ್ಸೇ ಎಂದಲ್ಲ, ಮಂಡಿನೋವು, ಸಂಧಿವಾತಗಳೂ ಹೀಗೇ ಮಾಡುತ್ತವೆ. ಮುಂದೆ ಮೂತ್ರದ ಫ್ಲೋರೈಡ್, ಎಕ್ಸ್‌ರೇ ಬೇಕಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಫ್ಲೋರೈಡ್ ಹೊರಹೋಗದೆ ಬೇಗ ಸೇರಿಕೊಳ್ಳುತ್ತದೆ.

ನೀರು ಬದಲಿಸಿದರೆ ಹೊಟ್ಟೆಯ ತಾಪತ್ರಯ, ಸುಸ್ತು ಇಳಿಯುತ್ತವೆ. ಬಾಗಿದ ಬೆನ್ನು ನೆಟ್ಟಗಾಗುವುದಿಲ್ಲ, ಹಲ್ಲಿನ ಕಲೆಯೂ ಹೋಗದು. ಮಕ್ಕಳ ಬುದ್ಧಿಶಕ್ತಿಯ ಚರ್ಚೆ ಸಮ್ಮೇಳನಗಳಲ್ಲಿ ಈಗ ಬಿಸಿಯಾಗಿದೆ. ಅಮೆರಿಕದ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಂ 2024ರಲ್ಲಿ, 1.5ಕ್ಕಿಂತ ಹೆಚ್ಚು ಫ್ಲೋರೈಡಿನ ನೀರಿಗೂ ಮಕ್ಕಳ ಕಡಿಮೆ ಐಕ್ಯೂಗೂ ಸಂಬಂಧ ಇರುವುದಾಗಿ ‘ಮಧ್ಯಮ ವಿಶ್ವಾಸ’ದಿಂದ ಹೇಳಿತು. ಅದಕ್ಕಿಂತ ಕೆಳಗಿನ ಪ್ರಮಾಣದ ಬಗ್ಗೆ ಅದು ತೀರ್ಪು ಕೊಟ್ಟಿಲ್ಲ.

ಶುದ್ಧ ನೀರಿನ ಘಟಕದೊಳಗೆ

ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುವ ಘಟಕದಲ್ಲಿ ಬೋರ್ ನೀರು ಮೊದಲು ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ಆಮೇಲೆ 5 ಮೈಕ್ರಾನ್ ಕಾರ್ಟ್ರಿಡ್ಜ್ ದಾಟುತ್ತದೆ. ಇವು ಯಾವುವೂ ಫ್ಲೋರೈಡನ್ನು ಲೆಕ್ಕಕ್ಕೆ ಸಿಗುವಷ್ಟು ತೆಗೆಯುವುದಿಲ್ಲ. ತೆಗೆಯುವುದು ಹೈಪ್ರೆಶರ್ ಪಂಪಿನ ಮುಂದಿರುವ ಆರ್‌ಒ ಮೆಂಬ್ರೇನ್ ಒಂದೇ. ಚೆನ್ನಾಗಿದ್ದರೆ ಅದು ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ತಡೆಯುತ್ತದೆ.

ಕೆಡುವುದು ಹೇಗೆ? ಸುಣ್ಣ ಕಟ್ಟದಂತೆ ಹಾಕುವ ಆಂಟಿಸ್ಕೇಲೆಂಟ್ ಡಬ್ಬಿ ಖಾಲಿಯಾದರೂ ತುಂಬದಿದ್ದರೆ ಮೆಂಬ್ರೇನ್ ಮೇಲೆ ಗಾರೆ ಕಟ್ಟಿದಂತಾಗಿ ನೀರಿನ ಹರಿವು ಇಳಿಯುತ್ತದೆ. ಒ-ರಿಂಗ್ ಎಂಬ ರಬ್ಬರ್ ಬಳೆ ಹರಿದರೆ ಕಚ್ಚಾ ನೀರು ಶುದ್ಧ ನೀರಿಗೆ ನುಸುಳುತ್ತದೆ. ಇವು ರಿಪೇರಿಯ ಮಾತು. ಇನ್ನೊಂದನ್ನು ಬೇಕೆಂದೇ ಮಾಡುತ್ತಾರೆ. ಆರ್‌ಒ ನೀರು ಸಪ್ಪೆ ಎಂದು ಜನ ಹೇಳಿದಾಗ ಬೈಪಾಸ್ ವಾಲ್ವ್ ತುಸು ತೆರೆದು ಬೋರ್ ನೀರು ಬೆರೆಸುತ್ತಾರೆ. ಬೋರ್ ನೀರಿನ ಟಿಡಿಎಸ್ 900, ಫ್ಲೋರೈಡ್ 3 ಎಂದಿಟ್ಟುಕೊಳ್ಳಿ. ಆರ್‌ಒ ನೀರಿನದು 40 ಮತ್ತು 0.2. ಹತ್ತರಲ್ಲಿ ಎರಡು ಪಾಲು ಬೆರೆಸಿದರೆ ಟಿಡಿಎಸ್ 212, ಫ್ಲೋರೈಡ್ 0.76. ನಾಲ್ಕು ಪಾಲು ಬೆರೆಸಿದರೆ ಟಿಡಿಎಸ್ 384, ಫ್ಲೋರೈಡ್ 1.32. ಕೈಯಲ್ಲಿ ಹಿಡಿದ ಟಿಡಿಎಸ್ ಮೀಟರ್ 384 ತೋರಿಸಿದಾಗ ಎಲ್ಲರೂ ಒಳ್ಳೆಯ ನೀರು ಎನ್ನುತ್ತಾರೆ. 900ರಲ್ಲಿ 3 ಅಂದರೆ ಮುನ್ನೂರಕ್ಕೆ ಒಂದು ಪಾಲು. ಅದನ್ನು ಆ ಮೀಟರ್ ಬೇರೆಯಾಗಿ ಕಾಣಲಾರದು. ಮೀಟರಿನ ನಿಜವಾದ ಉಪಯೋಗ ಬೇರೆ. ದಿನಾ 40 ತೋರಿಸುತ್ತಿದ್ದದ್ದು ಯಾರೂ ವಾಲ್ವ್ ಮುಟ್ಟದೆ 120ಕ್ಕೆ ಏರಿದರೆ ಒಳಗೆ ಎಲ್ಲೋ ಸೋರಿದೆ ಎಂದು ತಿಳಿಯಬಹುದು.

ಘಟಕದ ಹಿಂದೆ ಹರಿಯುವ ವೇಸ್ಟ್ ನೀರಿನ ಲೆಕ್ಕವನ್ನೂ ಇಡಬೇಕು. 1,000 ಲೀಟರಿನಲ್ಲಿ 400 ಶುದ್ಧವಾಗಿ ಬಂದರೆ ಉಳಿದ 600 ಲೀಟರಿನ ಫ್ಲೋರೈಡ್ 3ರಿಂದ ಸುಮಾರು 4.9ಕ್ಕೆ ಏರಿರುತ್ತದೆ. ಅದನ್ನು ಅದೇ ಬೋರಿನ ಪಕ್ಕದ ಇಂಗುಗುಂಡಿಗೆ ಬಿಡುವುದು ಅಥವಾ ದನದ ತೊಟ್ಟಿಗೆ ಬಿಡುವುದು, ಎರಡೂ ಕೂಡದು. ದನಗಳಿಗೂ ಹಲ್ಲು, ಮೂಳೆಯ ಫ್ಲೋರೋಸಿಸ್ ಬರುತ್ತದೆ. ನೆಲ ತೊಳೆಯಲು, ಶೌಚಾಲಯಕ್ಕೆ ಆಗಬಹುದು.

ಕುದಿಸಿ ಆರಿಸುವುದರಿಂದ ರೋಗಾಣು ಸಾಯುತ್ತವೆ, ಆದರೆ ನೀರು ಆವಿಯಾದಷ್ಟೂ ಫ್ಲೋರೈಡ್ ಸಾಂದ್ರವಾಗುತ್ತದೆ. ತಾಮ್ರದ ಬಿಂದಿಗೆ, ಕ್ಯಾಂಡಲ್ ಫಿಲ್ಟರ್, ಯುವಿ ಯಾವುದೂ ಇದಕ್ಕೆ ಮದ್ದಲ್ಲ. ಪಟಿಕ ಮತ್ತು ಸುಣ್ಣ ಹಾಕಿ ಕದಡಿ ತಿಳಿಗೊಳಿಸುವ ನಲ್ಗೊಂಡ ವಿಧಾನ ಕೆಲಸ ಮಾಡುತ್ತದೆ. ಆದರೆ ಪಟಿಕದ ಪ್ರಮಾಣವನ್ನು ಆ ನೀರಿನ ಕ್ಷಾರತೆ ನೋಡಿ ನಿರ್ಧರಿಸಬೇಕು, ಅಂದಾಜಿಗೆ ಹಾಕಿದರೆ ಅಲ್ಯೂಮಿನಿಯಂ ನೀರಿನಲ್ಲೇ ಉಳಿಯುತ್ತದೆ. ಮನೆಮಟ್ಟಕ್ಕೆ ಅದನ್ನು ಹೇಳಲು ನಮಗೆ ಧೈರ್ಯವಿಲ್ಲ.

ಹತ್ತು ಚದರದ ಚಾವಣಿ

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಹತ್ತು ಚದರದ ಆರ್‌ಸಿಸಿ ಚಾವಣಿ ಅಂದರೆ 93 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದು, ಐದರಲ್ಲಿ ಒಂದು ಪಾಲು ಪೋಲಾದರೂ 37,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ಮಾತ್ರ ತಲಾ 8 ಲೀಟರ್ ಎಂದರೆ ದಿನಕ್ಕೆ 40. ಮಳೆಯಿಲ್ಲದ 240 ದಿನಕ್ಕೆ 9,600. ಹತ್ತು ಸಾವಿರ ಲೀಟರಿನ ಸಂಪು ಸಾಕು. ಸ್ನಾನ, ಬಟ್ಟೆ, ದನಕರುಗಳ ಮೈತೊಳೆಯಲು ಬೋರ್ ನೀರೇ ಆಗಲಿ. ಫ್ಲೋರೈಡ್ ಚರ್ಮದ ಮೂಲಕ ಲೆಕ್ಕಕ್ಕೆ ಬರುವಷ್ಟು ಒಳಹೋಗದು.

ಇಲ್ಲಿ ಸೋಲುವುದು ಮೊದಲ ಮಳೆಯಲ್ಲಿ. ತಿಂಗಳುಗಟ್ಟಲೆ ಕೂತ ಧೂಳು, ಹಕ್ಕಿಯ ಹಿಕ್ಕೆ ಮೊದಲ ಒಂದು ಮಿ.ಮೀ.ನಲ್ಲೇ ಇಳಿಯುತ್ತದೆ. ಈ ಚಾವಣಿಗೆ ಅದು 93 ಲೀಟರ್. ಪ್ಲಂಬರುಗಳು 4 ಇಂಚಿನ ಪೈಪಿನ ತುಂಡೊಂದನ್ನು ನಿಲ್ಲಿಸಿ ಫಸ್ಟ್ ಫ್ಲಶ್ ಎನ್ನುತ್ತಾರೆ. ಆ ಪೈಪು ಮೀಟರಿಗೆ ಎಂಟು ಲೀಟರ್ ಹಿಡಿದರೆ ಹೆಚ್ಚು. ಬದಲಿಗೆ 100 ಲೀಟರಿನ ಡ್ರಮ್ಮಿಗೇ ಮೊದಲ ನೀರು ಹೋಗಿ, ಅದು ತುಂಬಿದ ಮೇಲೆ ಸಂಪಿಗೆ ತಿರುಗುವಂತೆ ಜೋಡಿಸಿ. ಸಂಪಿಗೆ ಬೆಳಕು ಬೀಳಬಾರದು, ಗಾಳಿಕೊಳವೆಗೆ ಸೊಳ್ಳೆಬಲೆ ಇರಲಿ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರನ್ನು ಬೇರೆ ಪಾತ್ರೆಯಲ್ಲಿ ಕದಡಿ, ತಿಳಿ ಮಾತ್ರ ಸುರಿಯಿರಿ. ಸಂಪು ಅರ್ಧವೇ ತುಂಬಿದ ವರ್ಷವೂ ದಂಡವಲ್ಲ. 3 ಮಿಲಿಗ್ರಾಂ ಬೋರ್ ನೀರಿಗೆ ಸಮಪಾಲು ಮಳೆನೀರು ಬೆರೆಸಿದರೆ 1.5 ಆಗುತ್ತದೆ, ಎರಡು ಪಾಲು ಬೆರೆಸಿದರೆ 1.

ಆರ್‌ಒ ನೀರಿನಲ್ಲೂ ಮಳೆನೀರಿನಲ್ಲೂ ಕ್ಯಾಲ್ಸಿಯಂ ಇರುವುದಿಲ್ಲ. ಕ್ಯಾಲ್ಸಿಯಂ ಕೊರತೆಯ ಮೈಗೆ ಫ್ಲೋರೈಡ್ ಹೆಚ್ಚು ಕಾಟ ಕೊಡುತ್ತದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೆಯೇ ಕ್ಯಾಲ್ಸಿಯಂ ಇದೆ, ಹಾಲು, ಮೊಸರು, ನುಗ್ಗೆಸೊಪ್ಪೂ ಇವೆ. ಮುದ್ದೆ ಬಿಟ್ಟು ಬರೀ ಅನ್ನಕ್ಕೆ ಇಳಿದ ಮನೆಗಳಲ್ಲಿ ಈ ಬೆಂಬಲ ಕಡಿಮೆಯಾಗಿದೆ. ಕಪ್ಪುಪ್ಪಿನಲ್ಲಿ ಫ್ಲೋರೈಡ್ ಹೆಚ್ಚು, ಕಡು ಚಹಾದಲ್ಲೂ ಉಂಟು.

ಘಟಕದ ನೀರು ಎಲ್ಲರಿಗೂ ಸಾಲದೆ ಹೋದಾಗ ಮೊದಲ ಕ್ಯಾನ್ ಅಂಗನವಾಡಿಗೆ ಹೋಗಬೇಕು, ಕುಡಿಯಲು ಮಾತ್ರವಲ್ಲ, ಅಲ್ಲಿನ ಅಡುಗೆಗೂ. ಆಮೇಲೆ ಗರ್ಭಿಣಿ, ಬಾಣಂತಿಯರ ಮನೆಗೆ.

ಇನ್ನು ಹೊಲ. ಮನೆಯಲ್ಲಿ ಕ್ಯಾನ್ ನೀರಿದ್ದರೂ ಕೂಲಿಗೆ ಹೋದವರು ಹಗಲಿನ ಮೂರು ಲೀಟರನ್ನು ಕುಡಿಯುವುದು ಪಂಪ್‌ಸೆಟ್ಟಿನ ಬಾಯಿಗೆ ಕೈಯೊಡ್ಡಿ. ಕುಡಿಯುವ ನೀರಿನ ಬೋರಿಗೆ ಸರ್ಕಾರಿ ಪರೀಕ್ಷೆ ಇದೆ, ನೀರಾವರಿ ಬೋರಿಗೆ ಇಲ್ಲ. ಆಳವೂ ಅಲ್ಲಿ ಹೆಚ್ಚಿರಬಹುದು. ಊರಿನ ಕಿಟ್ಟಿನಲ್ಲಿ ಹತ್ತು ಹನಿ ಉಳಿದಿದ್ದರೆ ಆ ಪಂಪ್‌ಸೆಟ್ಟುಗಳ ನೀರಿಗೂ ಹಾಕಿ ನೋಡಿ. ಹಳದಿಗೆ ತಿರುಗಿದ ಬೋರಿನ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ ‘ಕುಡಿಯಬೇಡಿ’ ಎಂದು ಬರೆಸಿ. ಆಳಿಗೊಂದರಂತೆ ಐದು ಲೀಟರ್ ಕ್ಯಾನನ್ನು ಬುತ್ತಿಯ ಜೊತೆಗೇ ಗಾಡಿಗೆ ಹಾಕಿ ಕಳಿಸಿ.